ದಾರ, ಎರಡು ಸೂಜಿ ಮತ್ತು ಒಂದು ದೀರ್ಘವೃತ್ತ

ಶಾಲೆಯ ಕರಿಹಲಗೆಯ ಮೇಲೆ ಸೂರ್ಯನನ್ನೂ ಅವನನ್ನು ಸುತ್ತುವ ಭೂಮಿಯನ್ನೂ ಬರೆದು ತೋರಿಸದ ಉಪಾಧ್ಯಾಯರು ವಿರಳ. ಸೀಮೆಸುಣ್ಣದ ಒಂದೇ ಬೀಸಿನಲ್ಲಿ ಅವರು ಎಳೆಯುವ ಕಕ್ಷೆ ಸಾಮಾನ್ಯವಾಗಿ ಸೌತೆಕಾಯಿಯಂತೆ ನೀಳವಾಗಿರುತ್ತದೆ. ಸೂರ್ಯನು ಅದರ ಒಂದು ತುದಿಗೆ ಒತ್ತಿಕೊಂಡು ಕುಳಿತಿರುತ್ತಾನೆ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಕಂಡ ಚಿತ್ರವೂ ಅದೇ. ಅದನ್ನು ನೋಡಿ, ಭೂಮಿಯು ಸೂರ್ಯನ ಸಮೀಪಕ್ಕೆ ಬಂದಾಗ ಬೇಸಗೆ, ದೂರ ಸರಿದಾಗ ಚಳಿಗಾಲ ಎಂದು ನಾನೇ ತೀರ್ಮಾನಿಸಿಕೊಂಡೆ. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆದೆ. ಅಂಕ ಹೋದುದಕ್ಕೆ ದುಃಖವಾಯಿತೇ ಹೊರತು ತಪ್ಪು ಎಲ್ಲಿಂದ ಬಂದಿತೆಂಬುದು ಹಲವು ವರ್ಷಗಳವರೆಗೆ ಹೊಳೆಯಲಿಲ್ಲ. ಅದು ಬಂದದ್ದು ಆ ಚಿತ್ರದಿಂದ.

ನಿಜಸ್ಥಿತಿ ಹೀಗಿದೆ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಜನವರಿ ತಿಂಗಳ ಮೊದಲ ವಾರದಲ್ಲಿ, ನಾವು ಕಂಬಳಿ ಹೊದ್ದು ಮಲಗುವ ಕಾಲದಲ್ಲಿ. ಆಗಿನ ದೂರ ಸುಮಾರು 14.7 ಕೋಟಿ ಕಿಲೋಮೀಟರು. ಅತ್ಯಂತ ದೂರದಲ್ಲಿರುವುದು ಜುಲೈ ತಿಂಗಳ ಆದಿಭಾಗದಲ್ಲಿ, ಆಗ 15.2 ಕೋಟಿ ಕಿಲೋಮೀಟರು. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23½ ಅಂಶಗಳ ಓರೆಯೇ ಹೊರತು ಈ ಅಂತರವಲ್ಲ. ಪಠ್ಯಪುಸ್ತಕವು ಇದನ್ನೆಲ್ಲ ಸರಿಯಾಗಿಯೇ ಹೇಳುತ್ತದೆ. ಪಕ್ಕದಲ್ಲಿ ಅಚ್ಚಾದ ಚಿತ್ರ ಮಾತ್ರ ಬೇರೆಯದನ್ನು ಹೇಳುತ್ತದೆ. ಮಾತಿಗೂ ಚಿತ್ರಕ್ಕೂ ಜಗಳವಾದಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಗೆಲ್ಲುವುದು ಚಿತ್ರವೇ. ಕಕ್ಷೆಯನ್ನು ಓರೆಯಾಗಿ ನಿಂತು ನೋಡಿದಂತೆ ಬರೆದಿದೆ, ಆದ್ದರಿಂದ ಅದು ನೀಳವಾಗಿ ಕಾಣುತ್ತದೆ ಎಂದು ಸಮರ್ಥಿಸುವವರುಂಟು. ಇರಬಹುದು; ಆದರೆ ಹಾಗೆಂದು ಚಿತ್ರದ ಕೆಳಗೆ ಒಂದು ಸಾಲನ್ನಾದರೂ ಸೇರಿಸಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಪ್ರತಿಯೊಬ್ಬ ವಿದ್ಯಾರ್ಥಿಯೂ ದೀರ್ಘವೃತ್ತವನ್ನು ಕಡೆಯ ಪಕ್ಷ ಒಂದು ಬಾರಿ ತನ್ನ ಕೈಯಿಂದ, ಅಳತೆ ಹಿಡಿದು, ರೇಖಾಗಣಿತದ ವಿಧಾನದಿಂದಲೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ಕಂಪ್ಯೂಟರಿಗೆ ಎರಡು ಸಂಖ್ಯೆಗಳನ್ನು ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಚ್ಚುಕಟ್ಟಾದ ಆಕೃತಿ ಮೂಡುವಾಗ, ದಾರ ಸೂಜಿಗಳೊಡನೆ ಒಂದು ಸಂಜೆಯನ್ನು ಕಳೆಯುವುದೇಕೆ? ಆಕೃತಿಯು ಬೇಕಾಗಿದ್ದರೆ ಕಳೆಯಬೇಕಾಗಿಲ್ಲ, ನಿಜ. ಆದರೆ ಇಲ್ಲಿ ನಮಗೆ ಬೇಕಾಗಿರುವುದು ಆಕೃತಿಯಲ್ಲ. ಅದು ಹಾಗೆಯೇ ಏಕೆ ಬಾಗುತ್ತದೆ, ಎಷ್ಟು ಬಾಗುತ್ತದೆ ಎಂಬ ತಿಳಿವಳಿಕೆ. ಆ ತಿಳಿವಳಿಕೆಯನ್ನು ಕೀಲಿಯೊತ್ತಿ ಪಡೆಯಲಾಗದು.

ಹಾಗಾದರೆ ಬರೆದೇ ನೋಡೋಣ. ಮರದ ಹಲಗೆಯೊಂದರ ಮೇಲೆ ದೊಡ್ಡ ಹಾಳೆಯನ್ನು ಹಾಸಿ ಅದರಲ್ಲಿ ಒಂದಕ್ಕೊಂದು 16 ಸೆಂಟಿಮೀಟರು ದೂರದಲ್ಲಿ ಎರಡು ಗುಂಡುಸೂಜಿಗಳನ್ನು ನೆಟ್ಟಗೆ ಚುಚ್ಚಿರಿ. ಗಂಟು ಹಾಕಿದ ಮೇಲೆ ಸುತ್ತಳತೆ ಸರಿಯಾಗಿ 36 ಸೆಂಟಿಮೀಟರು ಬರುವಂತೆ ದಾರದ ಒಂದು ಕುಣಿಕೆಯನ್ನು ಮಾಡಿ ಎರಡು ಸೂಜಿಗಳಿಗೂ ತೊಡಿಸಿರಿ. ಪೆನ್ಸಿಲಿನ ಮೊನೆಯಿಂದ ಕುಣಿಕೆಯನ್ನು ಬಿಗಿಯಾಗಿ ಎಳೆದು, ಆ ಬಿಗಿಯನ್ನು ಸಡಿಲಿಸದೆ ಒಂದು ಸುತ್ತು ಬನ್ನಿರಿ. ಹಾಳೆಯ ಮೇಲೆ 20 ಸೆಂಟಿಮೀಟರು ಉದ್ದ, 12 ಸೆಂಟಿಮೀಟರು ಅಗಲದ ದೀರ್ಘವೃತ್ತ ಸಿದ್ಧವಾಗಿರುತ್ತದೆ. ಸೂಜಿಗಳಿರುವ ಸ್ಥಾನಗಳೇ ಅದರ ನಾಭಿಗಳು. ಉದ್ಯಾನದ ಮಾಲಿಗಳು ಹೂವಿನ ಮಡಿಯನ್ನು ಗುರುತಿಸಲು ಎರಡು ಗೂಟ ನೆಟ್ಟು ಹಗ್ಗದಿಂದ ಮಾಡುವುದೂ ಇದನ್ನೇ. ಈ ವಿಧಾನವನ್ನು ಬರೆದಿಟ್ಟ ಹಳಬರಲ್ಲಿ ಆರನೆಯ ಶತಮಾನದ ಆಂಥೀಮಿಯಸ್ ಒಬ್ಬ. ಕಾನ್‌ಸ್ಟಾಂಟಿನೋಪಲ್ ನಗರದ ಹಾಗಿಯಾ ಸೋಫಿಯಾ ದೇವಾಲಯವನ್ನು ಕಟ್ಟಿಸಿದ ಶಿಲ್ಪಿಗಳಿಬ್ಬರಲ್ಲಿ ಒಬ್ಬ.

ಹೇಳಿದಷ್ಟು ಸುಲಭವಾಗಿ ಅದು ಸಿದ್ಧವಾಗುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಹೊಲಿಗೆಯ ನೂಲು ಎಳೆದಂತೆ ಹಿಗ್ಗುತ್ತದೆ. ಗಂಟು ಪೆನ್ಸಿಲಿನ ಮೊನೆಗೆ ಸಿಕ್ಕಿ ತೊಡಕಾಗುತ್ತದೆ. ಸೂಜಿಯು ಒಳಗಡೆಗೆ ವಾಲುತ್ತದೆ. ದಾರವು ಸೂಜಿಯ ಮೇಲಕ್ಕೆ ಏರುತ್ತದೆ. ನನ್ನ ಮೊದಲನೆಯ ಪ್ರಯತ್ನದಲ್ಲಿ ರೇಖೆಯು ಹೊರಟ ಸ್ಥಳಕ್ಕೆ ಮರಳಿ ಬರುವಾಗ ಎರಡು ಮಿಲಿಮೀಟರು ಆಚೆಗೆ ಹೋಗಿತ್ತು. ಹುರಿ ಬಿಗಿಯಾದ, ಮೇಣ ಸವರಿದ ದಾರ ತೆಗೆದುಕೊಂಡು, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಅರ್ಧವನ್ನು ಮೇಲೆ, ಅರ್ಧವನ್ನು ಕೆಳಗೆ ಬೇರೆಬೇರೆಯಾಗಿ ಬರೆದರೆ ಕೆಲಸ ಕೆಡುವುದಿಲ್ಲ. ಈ ತೊಂದರೆಗಳನ್ನು ನಾನು ದೋಷಗಳೆಂದು ಎಣಿಸುವುದಿಲ್ಲ. ದಾರ ಹಿಗ್ಗಿದರೆ ಆಕೃತಿಯೇಕೆ ಕೆಡಬೇಕೆಂದು ಕೇಳಿಕೊಂಡವನಿಗೆ ದೀರ್ಘವೃತ್ತದ ಲಕ್ಷಣ ಅರ್ಥವಾದಂತೆಯೇ ಸರಿ: ಅದರ ಮೇಲಿನ ಯಾವ ಬಿಂದುವಿನಿಂದಲಾದರೂ ಎರಡು ನಾಭಿಗಳಿಗಿರುವ ದೂರಗಳ ಮೊತ್ತ ಬದಲಾಗಬಾರದು. ನಮ್ಮ ಆಕೃತಿಯಲ್ಲಿ ಆ ಮೊತ್ತ 20. ಕುಣಿಕೆಯ 36ರಲ್ಲಿ 16 ಸೂಜಿಗಳ ನಡುವೆಯೇ ಉಳಿಯುತ್ತದೆಯಷ್ಟೆ.

ಪೆನ್ಸಿಲು ನಡುನೆತ್ತಿಯಲ್ಲಿರುವಾಗ ಒಂದು ಕ್ಷಣ ನಿಲ್ಲಿಸಿ ನೋಡಿರಿ. ದಾರದ ಎರಡು ತೋಳುಗಳೂ ಸಮ; ಒಂದೊಂದೂ 10. ಕೇಂದ್ರದಿಂದ ನಾಭಿಗೆ 8. ಲಂಬಕೋನ ತ್ರಿಭುಜದ ಉಳಿದ ಭುಜ 6 ಆಗಲೇಬೇಕು. ಅಗಲವು 12 ಏಕೆಂಬುದಕ್ಕೆ ಬೇರೆ ಸೂತ್ರವೇ ಬೇಡ. ಈ ತ್ರಿಭುಜವನ್ನು ಕಣ್ಣಾರೆ ಕಂಡವನು ಕಾಲೇಜಿನಲ್ಲಿ ಬರುವ ಸಮೀಕರಣವನ್ನು ಎಂದೂ ಮರೆಯಲಾರ.

ಈಗ ಸೂಜಿಗಳನ್ನು ಕಿತ್ತು, ಉದ್ದವು 20 ಸೆಂಟಿಮೀಟರಾಗಿಯೇ ಇರುವಂತೆ ಭೂಮಿಯ ಕಕ್ಷೆಯನ್ನು ಬರೆಯೋಣ. ಅದರ ಉತ್ಕೇಂದ್ರತೆ 0.0167, ಆದ್ದರಿಂದ ನಾಭಿಗಳ ನಡುವಣ ದೂರ 3.3 ಮಿಲಿಮೀಟರು ಮಾತ್ರ. ಎರಡು ಸೂಜಿಗಳ ತಲೆಗಳು ಒಂದಕ್ಕೊಂದು ತಗಲುವಂತೆ ಹತ್ತಿರ ಬಂದು ಕೂರುತ್ತವೆ! ಬರೆದ ರೇಖೆಯ ಅಗಲವು ಉದ್ದಕ್ಕಿಂತ ಎಷ್ಟು ಕಡಿಮೆ? ಕೇಂದ್ರದಿಂದ ಅಳೆದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲಿಗೂ ಕಡಿಮೆ. ಯಾವ ಪೆನ್ಸಿಲಿಗೂ ಅದನ್ನು ತೋರಿಸುವ ಶಕ್ತಿಯಿಲ್ಲ. ಕರಿಹಲಗೆಯ ಸೌತೆಕಾಯಿ ಆ ಕ್ಷಣದಲ್ಲಿಯೇ ಮನಸ್ಸಿನಿಂದ ಅಳಿಸಿಹೋಗುತ್ತದೆ. ಸೂರ್ಯನು ಕೇಂದ್ರದಿಂದ ಒಂದೂಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಸರಿದಿರುವುದನ್ನು ಮಾತ್ರ ಸೂಕ್ಷ್ಮವಾಗಿ ನೋಡಿದರೆ ಗುರುತಿಸಬಹುದು. ನೀಳವಾದ ಕಕ್ಷೆಯೇ ಬೇಕೆಂದರೆ ಹ್ಯಾಲಿ ಧೂಮಕೇತುವಿನದನ್ನು ಬರೆಯಿರಿ: ಉತ್ಕೇಂದ್ರತೆ 0.967, ಸೂಜಿಗಳ ದೂರ 19.3 ಸೆಂಟಿಮೀಟರು, ಅಗಲ ಸುಮಾರು 5 ಸೆಂಟಿಮೀಟರು. 1986ರಲ್ಲಿ ಸೂರ್ಯನ ಬಳಿಗೆ ಬಂದುಹೋದ ಅದು ಪುನಃ ಬರುವುದು 2061ರಲ್ಲಿ. ಈ ಎರಡು ಆಕೃತಿಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಗೋಡೆಗೆ ಅಂಟಿಸಿದ ತರಗತಿಯಲ್ಲಿ ಋತುಗಳ ಪಾಠವನ್ನು ಎರಡನೆಯ ಬಾರಿ ಮಾಡಬೇಕಾಗುವುದಿಲ್ಲವೆಂದು ನಾನು ನಂಬಿದ್ದೇನೆ.

ಇವೆರಡರ ನಡುವೆ ಮಂಗಳನ ಕಕ್ಷೆಯನ್ನೂ ಬರೆಯತಕ್ಕದ್ದು. ಅದರ ಉತ್ಕೇಂದ್ರತೆ 0.0934. ಅದೇ ಅಳತೆಯಲ್ಲಿ ಸೂಜಿಗಳ ದೂರ 18.7 ಮಿಲಿಮೀಟರು, ಅದೇ ಕೇಂದ್ರದಿಂದ ಕೈವಾರದಲ್ಲಿ ಎಳೆದ 10 ಸೆಂಟಿಮೀಟರು ತ್ರಿಜ್ಯದ ವೃತ್ತಕ್ಕೂ ಇದಕ್ಕೂ ಅತ್ಯಂತ ಹೆಚ್ಚಿನ ಅಂತರ 0.44 ಮಿಲಿಮೀಟರು, ಎಂದರೆ ಒಂದು ಮೊಂಡು ಪೆನ್ಸಿಲಿನ ಗೆರೆಯಷ್ಟು ದಪ್ಪ. ಕೆಪ್ಲರನು ವರ್ಷಗಟ್ಟಲೆ ಹೆಣಗಿದ್ದು ಈ ಗೆರೆಯ ದಪ್ಪಕ್ಕಾಗಿ. 1601ರಲ್ಲಿ ಟೈಕೋ ಬ್ರಾಹೆ ತೀರಿಕೊಂಡ ಮೇಲೆ ಅವನ ವೀಕ್ಷಣೆಗಳೆಲ್ಲ ಕೆಪ್ಲರನ ಕೈಗೆ ಬಂದವು. ವೃತ್ತವನ್ನೇ ನಂಬಿ ಮಾಡಿದ ಗಣನೆಯು ಆ ವೀಕ್ಷಣೆಗಳಿಂದ 8 ಕಲೆಗಳಷ್ಟು ತಪ್ಪುತ್ತಿತ್ತು. ಪೂರ್ಣಚಂದ್ರನ ಅಗಲದ ಸುಮಾರು ಕಾಲು ಪಾಲು. ಬೇರೆಯವರಾಗಿದ್ದರೆ ವೀಕ್ಷಕನ ಕಣ್ಣಿನ ದೋಷವೆಂದು ಕೈಬಿಡುತ್ತಿದ್ದರು. ಟೈಕೋ ಅಷ್ಟು ತಪ್ಪುವವನಲ್ಲವೆಂದು ಕೆಪ್ಲರನಿಗೆ ಗೊತ್ತಿತ್ತು. ಮೊಟ್ಟೆಯಂತೆ ಒಂದು ಕಡೆ ಮೊನಚಾದ ಆಕೃತಿಯನ್ನು ಹಿಡಿದು ಅವನು ಬಹುಕಾಲ ಲೆಕ್ಕ ಮಾಡಿದ. ಇದು ನೇರವಾಗಿ ದೀರ್ಘವೃತ್ತವೇ ಆಗಿದ್ದರೆ ಕೆಲಸ ಎಷ್ಟು ಸುಲಭವಾಗುತ್ತಿತ್ತೆಂದು 1603ರಲ್ಲಿ ಒಬ್ಬ ಸ್ನೇಹಿತನಿಗೆ ಬರೆದುಕೊಂಡ. ಅದು ದೀರ್ಘವೃತ್ತವೇ ಆಗಿತ್ತು. 1609ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಈ ಕಥೆಯನ್ನು ಪುಸ್ತಕದಲ್ಲಿ ಓದುವುದು ಒಂದು ಬಗೆ. ಮಂಗಳನ ಕಕ್ಷೆಯನ್ನು ತಾನೇ ಬರೆದು, ಅದರ ಮೇಲೆ ವೃತ್ತವನ್ನೂ ಎಳೆದು, ಎರಡು ಗೆರೆಗಳು ಎಲ್ಲಿ ಬೇರೆಯಾದವೆಂದು ಕಣ್ಣು ಕಿರಿದು ಮಾಡಿ ಹುಡುಕಿದವನು ಓದುವುದು ಇನ್ನೊಂದು ಬಗೆ.

ದಾರವು ಇನ್ನೊಂದು ಗುಣವನ್ನೂ ಕೈಗೆ ತಿಳಿಸುತ್ತದೆ. ಪೆನ್ಸಿಲಿನ ಮೊನೆಯಲ್ಲಿ ದಾರದ ಎರಡು ತೋಳುಗಳು ರೇಖೆಯೊಡನೆ ಸಮಕೋನಗಳನ್ನೇ ಮಾಡುತ್ತವೆ. ಮೊನೆ ಸ್ವಲ್ಪ ಸರಿದಾಗ ಒಂದು ತೋಳು ಬೆಳೆದಷ್ಟೇ ಇನ್ನೊಂದು ಕುಗ್ಗಬೇಕಾದುದರಿಂದ ಬೇರೆ ದಾರಿಯಿಲ್ಲ. ಆದ್ದರಿಂದ ಒಂದು ನಾಭಿಯಿಂದ ಹೊರಟ ಅಲೆಗಳು ಗೋಡೆಗೆ ತಾಗಿ ಪ್ರತಿಫಲಿಸಿ ಇನ್ನೊಂದು ನಾಭಿಯಲ್ಲಿ, ಅದೂ ಏಕಕಾಲದಲ್ಲಿ, ಕೂಡುತ್ತವೆ. 1980ರಲ್ಲಿ ಮ್ಯೂನಿಕ್ ನಗರದ ವೈದ್ಯರು ಶಸ್ತ್ರವಿಲ್ಲದೆ ಮೂತ್ರಪಿಂಡದ ಕಲ್ಲನ್ನು ಮೊದಲ ಬಾರಿಗೆ ಒಡೆದದ್ದು ಈ ಗುಣದಿಂದಲೇ: ದೀರ್ಘವೃತ್ತವನ್ನು ತಿರುಗಿಸಿದಾಗ ಬರುವ ಆಕಾರದ ಲೋಹದ ಬಟ್ಟಲು, ಅದರ ಒಂದು ನಾಭಿಯಲ್ಲಿ ನೀರಿನೊಳಗೆ ವಿದ್ಯುತ್ತಿನ ಕಿಡಿ, ಇನ್ನೊಂದು ನಾಭಿಯಲ್ಲಿ ರೋಗಿಯ ದೇಹದೊಳಗಣ ಕಲ್ಲು. ವಿಜಯಪುರದ ಗೋಳಗುಮ್ಮಟದ ಪಿಸುಮಾತೂ ಹೀಗೆಯೇ ಕೇಳಿಸುತ್ತದೆಂದು ಕೆಲವರು ವಿದ್ಯಾರ್ಥಿಗಳಿಗೆ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು, ಅಲ್ಲಿನ ಮೊಗಸಾಲೆ ವೃತ್ತಾಕಾರವಾಗಿದ್ದು ಪಿಸುದನಿ ಗೋಡೆಯನ್ನು ಅಪ್ಪಿಕೊಂಡು ಸಾಗುತ್ತದೆ.

ದಾರವಲ್ಲದೆ ಇನ್ನೆರಡು ನಿಷ್ಕೃಷ್ಟ ವಿಧಾನಗಳನ್ನು ಹೇಳಬೇಕು. ಒಂದೇ ಕೇಂದ್ರದಿಂದ 10 ಮತ್ತು 6 ಸೆಂಟಿಮೀಟರು ತ್ರಿಜ್ಯದ ಎರಡು ವೃತ್ತಗಳನ್ನು ಎಳೆಯಿರಿ. ಕೇಂದ್ರದಿಂದ ಹೊರಟ ಒಂದು ರೇಖೆ ಇವೆರಡನ್ನೂ ಕಡಿಯುತ್ತದೆ. ಹೊರಗಣ ಬಿಂದುವಿನಿಂದ ನೇರ ಕೆಳಕ್ಕೆ, ಒಳಗಣ ಬಿಂದುವಿನಿಂದ ನೇರ ಅಡ್ಡಕ್ಕೆ ಗೆರೆ ಎಳೆದರೆ ಅವು ಕೂಡುವ ಸ್ಥಳವು ದೀರ್ಘವೃತ್ತದ ಮೇಲಿರುತ್ತದೆ. ಹೊರಗಣ ವೃತ್ತದ ಎತ್ತರವನ್ನೆಲ್ಲ ಐದಕ್ಕೆ ಮೂರರಂತೆ ತಗ್ಗಿಸಿದ್ದೇವೆ, ಅಷ್ಟೆ. ಗ್ರೀಕರು ಇಟ್ಟ ಹೆಸರಿಗೆ ‘ಕೊರತೆ’ ಎಂಬರ್ಥವುಂಟು. ಅದು ಹೇಗೆ ಬಂದಿತೆಂದು ವಿವರಿಸಲು ಒಂದು ಪುಟವೇ ಬೇಕು. ನಮ್ಮ ‘ದೀರ್ಘವೃತ್ತ’ವಾದರೋ, ವೃತ್ತವನ್ನು ನೀಳ ಮಾಡಿದರೆ ಬರುವುದೇ ಇದು ಎಂದು ಎರಡು ಪದಗಳಲ್ಲಿ ಹೇಳಿ ಮುಗಿಸುತ್ತದೆ. ಎರಡನೆಯ ವಿಧಾನಕ್ಕೆ ಕೈವಾರವೂ ಬೇಡ, ಕಾಗದದ ಒಂದು ಪಟ್ಟಿ ಸಾಕು. ಅದರ ಅಂಚಿನಲ್ಲಿ ಒಂದು ತುದಿಯಿಂದ 6 ಮತ್ತು 10 ಸೆಂಟಿಮೀಟರುಗಳಲ್ಲಿ ಗುರುತು ಮಾಡಿ, 6ರ ಗುರುತು ಉದ್ದದ ಅಕ್ಷದ ಮೇಲೂ 10ರ ಗುರುತು ಗಿಡ್ಡ ಅಕ್ಷದ ಮೇಲೂ ಜಾರುವಂತೆ ಪಟ್ಟಿಯನ್ನು ಸರಿಸುತ್ತ ಹೋದರೆ ಅದರ ತುದಿ ದೀರ್ಘವೃತ್ತವನ್ನು ಗುರುತಿಸುತ್ತದೆ. ಐದನೆಯ ಶತಮಾನದ ಪ್ರೋಕ್ಲಸನಿಗೂ ಇದು ತಿಳಿದಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದುದು ಇದೇ. ಹಿಗ್ಗುವ ದಾರದ ಕಾಟ ಇಲ್ಲಿಲ್ಲ.

ಇನ್ನು ನನ್ನ ದೂರು. ಯಂತ್ರಚಿತ್ರಣದ ಪಾಠಗಳಲ್ಲಿ ‘ನಾಲ್ಕು ಕೇಂದ್ರಗಳ ವಿಧಾನ’ವೆಂಬುದೊಂದುಂಟು. ಎರಡು ದೊಡ್ಡ ಕಂಸಗಳು, ಎರಡು ಚಿಕ್ಕ ಕಂಸಗಳು, ನಾಲ್ಕನ್ನೂ ಕೈವಾರದಿಂದಲೇ ಎಳೆದು ಜೋಡಿಸುವುದು. ಆಕೃತಿ ನುಣುಪಾಗಿ ಬರುತ್ತದೆ. ಶಾಯಿಯಲ್ಲಿ ಬರೆಯಲು ಅನುಕೂಲ. ಆದರೆ ಅದು ದೀರ್ಘವೃತ್ತವಲ್ಲ. ದೀರ್ಘವೃತ್ತದ ಬಾಗು ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತ ಹೋಗುತ್ತದೆ. ಅದರ ಅತ್ಯಲ್ಪ ತುಂಡೂ ವೃತ್ತದ ಕಂಸವಲ್ಲ. ನಾನು ಓದಿದ ಪುಸ್ತಕದಲ್ಲಿ ಈ ವಿಧಾನವನ್ನು ಉಳಿದವುಗಳ ಸಾಲಿನಲ್ಲಿಯೇ, ಒಂದು ಎಚ್ಚರಿಕೆಯ ಮಾತೂ ಇಲ್ಲದೆ, ಕೊಟ್ಟಿದ್ದರು. ನಮ್ಮ 20ಕ್ಕೆ 12ರ ಆಕೃತಿಯನ್ನು ಹೀಗೆ ಬರೆದು ಲೆಕ್ಕ ಹಾಕಿದೆ. ತುದಿಗಳಲ್ಲಿ ಬಾಗಿನ ತ್ರಿಜ್ಯ 3.6 ಸೆಂಟಿಮೀಟರು ಇರಬೇಕಾದಲ್ಲಿ ಸುಮಾರು 4.5 ಬರುತ್ತದೆ, ನಡುವೆ 16.7 ಇರಬೇಕಾದಲ್ಲಿ 15.2. ಹೆಗಲಿನ ಭಾಗದಲ್ಲಿ ಗೆರೆಯು ನಿಜವಾದ ದೀರ್ಘವೃತ್ತದಿಂದ 1.3 ಮಿಲಿಮೀಟರು ಹೊರಕ್ಕೆ ಉಬ್ಬುತ್ತದೆ. ಮಂಗಳನ ಕಕ್ಷೆಗೂ ವೃತ್ತಕ್ಕೂ ಇದೇ ಅಳತೆಯಲ್ಲಿ ಇದ್ದ ಅಂತರ 0.44 ಎಂಬುದನ್ನು ನೆನೆಯಿರಿ. ಆಕೃತಿಗಳು ಬೇರೆ, ಒಪ್ಪಿದೆ. ಆದರೂ ಕೆಪ್ಲರನ ಜೀವ ತಿಂದ ಅಂತರದ ಮೂರರಷ್ಟನ್ನು ನಾವು ತರಗತಿಯಲ್ಲಿ ಮಾತಿಲ್ಲದೆ ನುಂಗುತ್ತಿದ್ದೇವೆ.

ಸನ್ನಿಹಿತ ವಿಧಾನವೇ ಕೂಡದೆಂದು ನಾನು ಹೇಳುತ್ತಿಲ್ಲ. ಮೇಜಿನ ಹಲಗೆಯನ್ನು ಕೊಯ್ಯುವ ಬಡಗಿಗೆ, ಕಮಾನು ಕಟ್ಟುವ ಮೇಸ್ತ್ರಿಗೆ ಒಂದು ಮಿಲಿಮೀಟರು ಲೆಕ್ಕಕ್ಕಿಲ್ಲ. ಕಂಪ್ಯೂಟರು ತಾನೇ ಏನು ಮಾಡುತ್ತದೆ? ಅಚ್ಚಿಗೆ ಚಿತ್ರ ಸಿದ್ಧಪಡಿಸುವ ಹಲವು ತಂತ್ರಾಂಶಗಳು ವೃತ್ತವನ್ನೂ ದೀರ್ಘವೃತ್ತವನ್ನೂ ಬೆಜಿಯೆ ವಕ್ರಗಳೆಂಬ ನಾಲ್ಕು ತುಂಡುಗಳಿಂದ ಜೋಡಿಸುತ್ತವೆ. ಅದೂ ನಿಜವಾದ ವೃತ್ತವಲ್ಲ. ತ್ರಿಜ್ಯದ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು ತಪ್ಪು ಅದರಲ್ಲಿದೆ. ಆದರೆ ಆ ತಪ್ಪು ಎಷ್ಟೆಂಬುದನ್ನು ಅದನ್ನು ರೂಪಿಸಿದವರು ಲೆಕ್ಕ ಹಾಕಿ ತಿಳಿದಿದ್ದಾರೆ. ನಮ್ಮ ಪಾಠದಲ್ಲಿಯೂ ಅಷ್ಟನ್ನೇ ನಾನು ಕೇಳುವುದು: ನಾಲ್ಕು ಕೇಂದ್ರಗಳ ವಿಧಾನವನ್ನು ಕಲಿಸಿರಿ, ಆದರೆ ಅದರ ಮೇಲೆ ‘ಸನ್ನಿಹಿತ’ ಎಂದು ಬರೆಯಿರಿ, ವಿದ್ಯಾರ್ಥಿಯಿಂದ ಅದೇ ಹಾಳೆಯಲ್ಲಿ ದಾರದ ಆಕೃತಿಯನ್ನೂ ಬರೆಯಿಸಿ, ಎರಡರ ಅಂತರವನ್ನು ಅಳೆಯಿಸಿರಿ. ಅಂಕವನ್ನು ಆ ಅಳತೆಗೆ ಕೊಡಿರಿ.

ಅಳೆಯುವ ಅಭ್ಯಾಸವಾದ ಮೇಲೆ ಅದನ್ನು ಪೂರ್ವಿಕರ ಮೇಲೂ ಪ್ರಯೋಗಿಸಬಹುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ‘ಆಯತವೃತ್ತ’ವೆಂಬ ಆಕೃತಿಯ ಪ್ರಸ್ತಾಪವಿದೆ. ಅಗಲದ ವರ್ಗವನ್ನು ಆರರಿಂದ ಗುಣಿಸಿ, ಉದ್ದದ ಇಮ್ಮಡಿಯ ವರ್ಗವನ್ನು ಅದಕ್ಕೆ ಕೂಡಿಸಿ, ವರ್ಗಮೂಲ ತೆಗೆದರೆ ಸುತ್ತಳತೆ. ಅದನ್ನು ಅಗಲದ ಕಾಲು ಪಾಲಿನಿಂದ ಗುಣಿಸಿದರೆ ಕ್ಷೇತ್ರಫಲ. ನಮ್ಮ ಆಕೃತಿಗೆ ಇದರಂತೆ ಸುತ್ತಳತೆ 49.6 ಸೆಂಟಿಮೀಟರು ಬರುತ್ತದೆ. ದಾರವನ್ನು ರೇಖೆಯ ಮೇಲೆ ಎಚ್ಚರದಿಂದ ಹಾಸಿ ಅಳೆದಾಗ ನನಗೆ ಬಂದದ್ದು 51. ರಾಮಾನುಜನ್ 1914ರಲ್ಲಿ ಕೊಟ್ಟ ಸೂತ್ರದಿಂದಲೂ 51.05. ಸುತ್ತಳತೆಗೆ ಸರಳವಾದ ನಿಷ್ಕೃಷ್ಟ ಸೂತ್ರವೇ ಇಲ್ಲದಿರುವುದರಿಂದ ಮಹಾವೀರನು ನೂರಕ್ಕೆ ಮೂರರೊಳಗೆ ತಪ್ಪಿದ್ದು ಅವನಿಗೆ ಗೌರವವನ್ನೇ ತರುತ್ತದೆ. ಕ್ಷೇತ್ರಫಲದಲ್ಲಿ ಮಾತ್ರ ಅವನು ಎಡವಿದ: ಅವನ ಲೆಕ್ಕದಂತೆ 149 ಚದರ ಸೆಂಟಿಮೀಟರು. ಆಕೃತಿಯನ್ನು ಗ್ರಾಫ್ ಕಾಗದದ ಮೇಲೆ ಬರೆದು ಚೌಕಗಳನ್ನು ಎಣಿಸಿರಿ. 188ಕ್ಕೆ ಅತ್ತಿತ್ತ ಬರದಿದ್ದರೆ ಮತ್ತೊಮ್ಮೆ ಎಣಿಸಿರಿ. ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮ ನಾಡಿನ ಗಣಿತಜ್ಞನ ಸೂತ್ರದಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ತಾನೇ ನಿರ್ಧರಿಸಬಹುದೆಂದರೆ, ಆ ಸಂಜೆ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ದಾರದ ಕೆಲಸವು ಮಕ್ಕಳ ಆಟವೆಂದು ನಗುವವರಿಗೆ ಇನ್ನೊಂದು ಸಂಗತಿ. 1846ರ ಏಪ್ರಿಲ್ ತಿಂಗಳಲ್ಲಿ ಎಡಿನ್‌ಬರೋ ನಗರದ ರಾಯಲ್ ಸೊಸೈಟಿಯಲ್ಲಿ ಫೋರ್ಬ್ಸ್ ಎಂಬ ಪ್ರಾಧ್ಯಾಪಕರು ಒಂದು ಪ್ರಬಂಧವನ್ನು ಓದಿದರು. ಬರೆದವನಿಗೆ ಇನ್ನೂ ಹದಿನಾಲ್ಕು ವರ್ಷ. ಸಭೆಯಲ್ಲಿ ತಾನೇ ನಿಂತು ಓದುವಷ್ಟು ದೊಡ್ಡವನಲ್ಲ. ಅವನೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಸೂಜಿ ಮತ್ತು ದಾರಗಳಿಂದ ಬರೆಯಬಹುದಾದ ವಕ್ರರೇಖೆಗಳೇ ಪ್ರಬಂಧದ ವಿಷಯ. ದಾರವನ್ನು ಎರಡು ಸೂಜಿಗಳಿಗೂ ಸಮನಾಗಿ ಸುತ್ತುವುದಕ್ಕೆ ಬದಲು, ಪೆನ್ಸಿಲಿನಿಂದ ಒಂದು ಸೂಜಿಗೆ ಎರಡು ಎಳೆಯೂ ಇನ್ನೊಂದಕ್ಕೆ ಒಂದೇ ಎಳೆಯೂ ಹೋಗುವಂತೆ ಮಾಡಿದರೆ ಏನಾಗುವುದೆಂದು ಅವನು ಕೇಳಿಕೊಂಡಿದ್ದ. ಆಗ ಬರುವ ಆಕೃತಿಯನ್ನು ನಾನಿಲ್ಲಿ ವರ್ಣಿಸುವುದಿಲ್ಲ. ಹಲಗೆ, ಸೂಜಿ, ದಾರ ಹೇಗೂ ನಿಮ್ಮ ಮುಂದೆ ಇವೆಯಲ್ಲ.